ಗ್ರಾಫಿನ ಗುಡ್ಡ

"ಈ ಸಲ ಮೈಕು ತಂದಿಲ್ವಾ?"

ಎಂಟು ತಿಂಗಳ ಮೇಲೆ ಜಿಲಾಂಗ್ ಊರಿನ ಅವನ ಶೆಡ್ಡಿನ ಬಾಗಿಲಲ್ಲಿ ನಿಂತ ಐಲ್ಸಾಗೆ ಫರ್ಗಸ್ ಆಡಿದ ಮೊದಲ ಮಾತು ಅದು. ಗಾಯದ ಮೇಲೆ ಬರೆ ಎಳೆದಂತಾಯಿತು. ಅವನು ತನ್ನ ಸ್ಪೀಕರ್ ಪೆಟ್ಟಿಗೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಲೇ ಇದ್ದ.

ತಪ್ಪು ತನ್ನದೇ... ಸ್ಪೀಕರುಗಳನ್ನು ಅಳೆಯುವುದೇ ಅವಳ ಕೆಲಸ. ಸಂಗೀತ ಕೇಳುವವರ ಸಂಘದ ತಿಂಗಳ ಕೂಟದಲ್ಲಿ ಅವನು ಕಟ್ಟಿದ ಸ್ಪೀಕರನ್ನು ಅಳೆದು, ಗ್ರಾಫನ್ನು ಗೋಡೆಯ ಮೇಲೆ ತೋರಿಸಿದ್ದಳು. ತಾರಸ್ವರದ ಜಾಗದಲ್ಲಿ ಸದ್ದು ಅತಿಯಾಗಿ, ಗೆರೆ ಒಂದು ಗುಡ್ಡವಾಗಿಯೇ ಎದ್ದಿತ್ತು.

"ನನ್ನ ಕಿವಿಗೆ ಸರಿಯಾಗೇ ಇದೆ," ಎಂದಿದ್ದ ಅವನು.

"ಕಿವಿ ಸುಳ್ಳು ಹೇಳುತ್ತೆ ಕಣೋ, ಮೈಕು ಹೇಳಲ್ಲ."

ಸಭೆಯೆಲ್ಲ ನಕ್ಕಿತ್ತು. ಆರು ವಾರದಲ್ಲಿ ಆಗಬೇಕಿದ್ದ ಅವರಿಬ್ಬರ ಮದುವೆ ಅಂದೇ ಮುರಿದುಬಿತ್ತು.

ನಿನ್ನೆ ಅವಳ ಅಪ್ಪನ ಕಿವಿ ಪರೀಕ್ಷೆಯಾಯಿತು. ವೈದ್ಯೆ ಕೊಟ್ಟ ಹಾಳೆಯಲ್ಲಿ, ಅದೇ ತಾರಸ್ವರದ ಜಾಗದಲ್ಲಿ, ಕಿವಿ ಮಂದವಾದಲ್ಲಿ, ಒಂದು ತಗ್ಗು. ತಲೆಕೆಳಗು ಮಾಡಿದರೆ ಫರ್ಗಸನ ಗುಡ್ಡ! ತನಗೆ ಕೇಳಿಸದ್ದನ್ನು ತುಂಬಿಸಲೆಂದೇ ಅವನು ಏರಿಸುತ್ತಾ ಹೋಗಿದ್ದನೇ? ಹಾಳೆ ಹಿಡಿದು ಅಲ್ಲೇ ಅತ್ತಿದ್ದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ. ಅವಳೇನೋ ಪ್ರಮಾಣಿಸಿದ್ದಳು, ಪೆಟ್ಟಿಗೆಯನ್ನು ಮಾತ್ರ.

"ಫರ್ಗಸ್, ಬೇಲಿ ಮೇಲೆ ನೀಲಿ ರೆನ್ ಹಕ್ಕಿಗಳು ಹಾಡ್ತಿದ್ವಲ್ಲ..."

"ಎರಡು ವರ್ಷ ಆಯ್ತು, ಈ ಕಡೆ ತಲೆನೇ ಹಾಕಿಲ್ಲ. ಪಕ್ಕದ ಮನೆ ಬೆಕ್ಕಿನ ಪುಣ್ಯ."

ಐಲ್ಸಾ ಬೇಲಿಯ ಕಡೆ ತಿರುಗಿದಳು. ಹಕ್ಕಿ ಆಗಲೂ ತಾರಸ್ವರದಲ್ಲಿ ಹಾಡುತ್ತಿತ್ತು.

ಅವನ ಕೈ ಹಿಡಿದು ಕಿಟಕಿಗೆ ಕರೆದೊಯ್ದಳು. ಬೇಲಿಯ ಮೇಲೆ ಪುಟ್ಟ ನೀಲಿ ಹಕ್ಕಿ. ಅದರ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಫರ್ಗಸ್ ಬಹಳ ಹೊತ್ತು ನೋಡಿದ.

"ಹಾಡ್ತಿದೆಯಾ?"

"ಹ್ಞೂಂ."

ಉಪ್ಪುಕಾಗದ ಅವನ ಕೈಯಿಂದ ಜಾರಿತು. "ಹಾಗಾದ್ರೆ ನಿನ್ನ ಗ್ರಾಫೇ ಸರಿ."

"ಗ್ರಾಫು ಸರಿ. ಓದಿದವಳು ತಪ್ಪು. ಅದರಲ್ಲಿ ನೀನೇ ಇದ್ದೆ, ನನಗೆ ಕಾಣ್ಲಿಲ್ಲ... ಕ್ಷಮಿಸ್ತೀಯಾ?"

"ಕಿವಿನೇ ಹೋದ್ಮೇಲೆ ಇನ್ನೇನು ಕಟ್ಟಲಿ, ಐಲ್ಸಾ?"

"ನೀನು ಕಟ್ಟು, ನಾನು ಅಳೀತೀನಿ. ಹಕ್ಕಿ ಹಾಡಿದಾಗ ಹೇಳ್ತೀನಿ."

ಅವನು ಅವಳ ಭುಜಕ್ಕೆ ಹಣೆಯಿಟ್ಟು ಅತ್ತುಬಿಟ್ಟ.

"ನನ್ನ ದನಿ ಕೇಳಿಸುತ್ತಾ? ಮೊದಲಿನ ಹಾಗೇ?" ಎಂದು ಅವಳು ಹೆದರುತ್ತಲೇ ಕೇಳಿದಳು.

"ಹಾಗೇ ಅನ್ಸುತ್ತೆ. ಅಳೆದು ನೋಡ್ತೀಯಾ?"

"ಬೇಡ," ಎಂದಳು ಐಲ್ಸಾ. "ನೀನು ಹೇಳಿದ್ದೇ ಸಾಕು."