ಯಾರೂ ತೆರೆಯದ ವರದಿ

ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ೩.೪೦. ಹುಮನಾಬಾದ್ ಠಾಣೆಗೆ ಬಂದ ರೂಪಾಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆಸಿಡ್ ಹೊಗಿ ಬಡದು ನಮ್ಮವ್ವನ ಕಣ್ಣು ಹೋಗಾಕತ್ತಾವ್ರಿ ಮೇಡಂ. ಫ್ಯಾಕ್ಟರಿಯವ್ರು ಆಕೀನೇ ವಾಲ್ವ್ ತಿರುವ್ಯಾಳ ಅಂತ ಬರಕೊಂಡಾರ."

ತಾಯಿ ಸಖುಬಾಯಿ ರಾಸಾಯನಿಕ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವಳು. ಇನ್‌ಸ್ಪೆಕ್ಟರ್ ಅನುರಾಧಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ನಾಗನಾಥನನ್ನು ಕರೆದುಕೊಂಡು ಐದು ಗಂಟೆಗೆ ಪಂಚನಾಮೆಗೆಂದು ಕಾರ್ಖಾನೆಗೆ ಹೋದಳು. ವಾಲ್ವ್‌ಗೆ ಹಿಡಿಕೆಯೇ ಇರಲಿಲ್ಲ. ಅದನ್ನು ತೆರೆಯುವುದೂ ಮುಚ್ಚುವುದೂ ಕಂಪ್ಯೂಟರ್.

"ಮುದುಕಿ ಇದನ್ನ ಹಲ್ಲಿಲೆ ತಿರುವಿದ್ಳೇನ್ರಿ?"

ಅನುರಾಧಾ ಕೇಳಿದ್ದಕ್ಕೆ ಮ್ಯಾನೇಜರ್ ಸತೀಶಕುಮಾರ ಕಂಪ್ಯೂಟರ್ ತೆರೆದು ತೋರಿಸಿದ. ಅದರ ದಾಖಲೆಯ ಪ್ರಕಾರ ಅಂದು ಮಧ್ಯಾಹ್ನ ೧.೨೦ಕ್ಕೆ ಹೊರಗಿನಿಂದ ಯಾರೋ ಪಾಸ್‌ವರ್ಡ್ ಹಾಕಿ ವಾಲ್ವ್ ತೆರೆದಿದ್ದರು.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ರಿ. ಸಾಫ್ಟ್‌ವೇರ್ ಕೋಡ್‌ನ್ಯಾಗೇ ಬರದದ."

"ಕೋಡ್ ಓದಿದವ್ರು?"

"ಬಸವಕಲ್ಯಾಣದ ಶರಣಕುಮಾರ. ದೋಷ ಹುಡುಕಾಕ ಕೊಟ್ಟಿದ್ವಿ."

ಅವನ ಮೂರು ವರದಿಗಳು ಮ್ಯಾನೇಜರನ ಮೇಲ್‌ನಲ್ಲಿದ್ದವು. ಪಾಸ್‌ವರ್ಡನ್ನು ಕೋಡ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಯಾರು ಬೇಕಾದರೂ ವಾಲ್ವ್ ತೆರೆಯಬಹುದು ಎಂದು ಮೂರರಲ್ಲೂ ಬರೆದಿತ್ತು.

"ಮೇಡಂ, ಒಂದೂ ತೆರದಿಲ್ಲ ಈ ಸಾಹೇಬ್ರು," ಎಂದ ನಾಗನಾಥ. "ಮದುವಿ ಕಾರ್ಡ್ ಆಗಿದ್ರ ತೆರೀತಿದ್ರು."

ವಾಲ್ವ್ ತೆರೆದ ಇಂಟರ್‌ನೆಟ್ ಸಂಪರ್ಕ ಯಾರದೆಂದು ಎರಡು ದಿನಗಳಲ್ಲಿ ತಿಳಿಯಿತು. ೧೩ರ ಬೆಳಿಗ್ಗೆ ಬಸವಕಲ್ಯಾಣದ ಮನೆಯಲ್ಲಿ ಶರಣಕುಮಾರ ಅಲ್ಲಗಳೆಯಲಿಲ್ಲ.

"ಮೂರು ಸಲ ಬರದೀನ್ರಿ. ಯಾರೂ ಓದ್ಲಿಲ್ಲ. ಎರಡು ನಿಮಿಷ ತೆರದು ತೋರಸಬೇಕಂದೆ. ಊಟದ ಹೊತ್ತು, ಎಲ್ಲಾರೂ ಕ್ಯಾಂಟೀನ್‌ದಾಗ ಇರ್ತಾರಂತ..."

ಅನುರಾಧಾಳ ನೆತ್ತಿ ಕಾದುಹೋಯಿತು.

"ಗುತ್ತಿಗಿ ಮಂದೀನ ಕ್ಯಾಂಟೀನ್ ಒಳಗ ಬಿಡಂಗಿಲ್ಲ! ಟ್ಯಾಂಕಿನ ನೆರಳಾಗ ಕುಂತು ರೊಟ್ಟಿ ತಿಂತಾರ. ಒಮ್ಮಿಯಾದ್ರೂ ಅಲ್ಲಿಗೆ ಹೋಗೀರೇನು?"

"ಇಲ್ರಿ. ಮನ್ಯಾಗ ಕುಂತೇ ಓದೀನಿ."

೧೧.೩೦ಕ್ಕೆ ಅವನ ಬಂಧನವಾಯಿತು. ವರದಿಗಳನ್ನು ಮೂಲೆಗೆ ತಳ್ಳಿ, ಸಖುಬಾಯಿಯ ಮೇಲೆ ಸುಳ್ಳು ಆರೋಪ ಹೊರಿಸಿದ್ದಕ್ಕೆ ಸಂಜೆಯೊಳಗೆ ಸತೀಶಕುಮಾರನೂ ಠಾಣೆಯಲ್ಲಿದ್ದ. ಸಖುಬಾಯಿಯ ಎಡಗಣ್ಣು ಉಳಿಯುವುದಿಲ್ಲ ಎಂದು ಆಸ್ಪತ್ರೆಯಿಂದ ಫೋನ್ ಬಂತು.

ಶರಣಕುಮಾರನ ಹೇಳಿಕೆಯಲ್ಲಿ ಹಗೆಯಿರಲಿಲ್ಲ, ಹಣದಾಸೆಯೂ ಇರಲಿಲ್ಲ. ತಾನು ಬರೆದದ್ದು ಖರೆ ಎಂದು ಒಬ್ಬರಾದರೂ ಒಪ್ಪಬೇಕಿತ್ತು, ಅಷ್ಟೇ. ಸಹಿಗೆ ಮುಂಚೆ ಅವನು ತಲೆಯೆತ್ತಿ ಕೇಳಿದ:

"ವರದಿ ನೀವು ಪೂರಾ ಓದಿದ್ರೇನ್ರಿ?"

"ಓದೀನಿ. ಖರೇನೇ ಬರದೀರಿ."

ಅವನ ಮುಖದಲ್ಲಿ ಸಮಾಧಾನ ಕಂಡಿತು. ಅನುರಾಧಾ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

"ಸಹಿ ಮಾಡ್ರಿ."