ಕಿಟಕಿಯಲ್ಲಿ ಓದಿದ ಆರಂಕಿ

ಶೇಂಗಾ ಕೀಳುವ ಕಾಲ. ಅಕ್ಟೋಬರ್ ೧೭, ಶುಕ್ರವಾರ ಬೆಳಿಗ್ಗೆ ೯.೪೦ಕ್ಕೆ ಮೌನೇಶ್ ಕೊಟ್ಟೂರು ಠಾಣೆಗೆ ಬಂದ. ಊರಿನ ಟ್ರಸ್ಟೊಂದರ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಅವನು ಕಂಪ್ಯೂಟರ್ ಆಪರೇಟರ್.

“ನಾನು ಅಲ್ಲೇ ಗುಳಿಗಿ ತಗೊಳ್ಳೋ ರೋಗಿ ಅಂತ ನಂಗ ಹೆಣ್ಣು ಕೊಡೋ ಬೀಗರ ಫೋನಿಗೆ ಕೇಂದ್ರದಿಂದ ಮೆಸೇಜ್ ಹೋಗೈತ್ರಿ. ಸಂಬಂಧ ಮುರಕೊಂಡ್ರು. ನಂಗ ಯಾವ ರೋಗಾನೂ ಇಲ್ರಿ ಸರ್.”

ಇನ್ಸ್‌ಪೆಕ್ಟರ್ ಭೀಮರಾಜ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಹುಲುಗಣ್ಣನೊಂದಿಗೆ, ಮೌನೇಶನನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋದರು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಆ ಕಂಪ್ಯೂಟರಿನಲ್ಲಿ ರೋಗಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಹೆಸರು ತೆರೆಯಲು, ಮೆಸೇಜ್ ಕಳಿಸಲು ಮೌನೇಶನ ಪಾಸ್‌ವರ್ಡ್ ಬೇಕು. ಅವನ ಫೋನಿಗೆ ಬರುವ ಆರಂಕಿಯ ಒಟಿಪಿಯೂ ಬೇಕು. ಮೆಸೇಜ್ ಹೋದದ್ದು ಗುರುವಾರ ೧೧.೦೭ಕ್ಕೆ, ಅವನದೇ ಲಾಗಿನ್‌ನಿಂದ.

“ಆಗ ಎಲ್ಲಿದ್ದಿ?”

“ಚಾ ಅಂಗಡ್ಯಾಗ್ರಿ.”

“ಫೋನು?”

“ರೋಗಿಗಳ ಫೋಟೊ ತೆಗೀಬಾರ್ದು ಅಂತ ಒಳಗ ಫೋನ್ ಬಿಡಲ್ರಿ. ಆಯಾ ಗಾಳೆಮ್ಮನ ಬುಟ್ಟ್ಯಾಗ ಹಾಕ್ತೀವಿ. ಒಟಿಪಿ ಬಂದ್ರ ಆಕಿನೇ ಕಿಟಕ್ಯಾಗ ನಿಂತು ಓದಿ ಹೇಳ್ತಾಳ. ಚಾಕ್ಕ ಹೋಗುವಾಗ್ಲೂ ಅಲ್ಲೇ ಬಿಟ್ಟಿದ್ದೆ.”

“ಪಾಸ್‌ವರ್ಡು?”

“ನನ್ನ ಬೈಕಿನ ನಂಬರ್ರಿ.”

ಹುಲುಗಣ್ಣ ನಕ್ಕ. “ಬೀಗ ನೀ ಹಾಕಿ, ಕೀಲಿ ಆಯಾನ ಕೈಯಾಗ ಕೊಟ್ಟೀಯಲ್ಲೋ ಮಾರಾಯ.”

ಭೀಮರಾಜ ಲಾಗಿನ್ ಪಟ್ಟಿಯನ್ನು ಹಿಂದಕ್ಕೆ ಓದುತ್ತ ಹೋದರು. ಮಾರ್ಚ್ ೧೨ರ ಸಂಜೆ, ಕೇಂದ್ರ ಮುಚ್ಚಿದ ಮೇಲೆ, ಮೌನೇಶ್ ಒಂದೇ ಒಂದು ಹೆಸರು ತೆರೆದಿದ್ದ.

“ಇದು ಯಾರದು?”

ಬಾಗಿಲಲ್ಲಿ ನಿಂತಿದ್ದ ಗಾಳೆಮ್ಮ ಹೇಳಿದಳು. “ನನ್ನ ಮಗಳು ಕೋಮಲಾಂದ್ರಿ. ಹರಪನಹಳ್ಳಿಗೆ ಕೊಟ್ಟಿದ್ದೆ. ಇವ ಆಕಿ ಮೈದುನಗ ಹೇಳಿದ. ಕೂಸು ತಾವಿಟ್ಕೊಂಡು ಆಕಿನ್ನ ಹೊರಗ ಹಾಕಿದ್ರು.”

“ಯವ್ವಾ, ಸಣ್ಣಗ ಹೇಳು,” ಎಂದ ಹುಲುಗಣ್ಣ. ಪಂಚರಿಬ್ಬರೂ ಆಕೆಯ ಓಣಿಯವರು. ಆಗಲೇ ತಲೆ ಎತ್ತಿದ್ದರು.

“ಆವತ್ತೇ ಠಾಣೆಗೆ ಯಾಕ ಬರಲಿಲ್ಲ?” ಭೀಮರಾಜ ಕೇಳಿದರು.

“ಬಂದಿದ್ರ ನೀವು ಹೆಸರು ಬರೀತಿದ್ರಿ. ಇನ್ನೊಬ್ರು ಓದ್ತಿದ್ರು.”

“ಕಂಪ್ಯೂಟರ್ ಯಾರು ಕಲಿಸಿದ್ರು?”

“ಮೂರು ವರ್ಷ ಕಸ ಹೊಡೀತಾ ನೋಡೀನಿ. ಬೀಗರ ನಂಬರು ಇವನ ಫೋನ್ಯಾಗ ಇತ್ತು. ಸಂಬಂಧ ಕೂಡೋ ತನಕ ಏಳು ತಿಂಗಳು ಕಾದೆ. ಮೊದ್ಲೇ ಮಾಡಿದ್ರ ಇವಂಗ ಏನು ಉರೀತಿತ್ತು? ಬ್ಯಾರೆ ಒಬ್ಬರ ಹೆಸರೂ ತೆಗದಿಲ್ಲ, ನೋಡ್ಕೋರಿ.”

ಪಟ್ಟಿ ನೋಡಿದರು. ತೆಗೆದಿರಲಿಲ್ಲ.

ಸಂಜೆ ೪.೧೫ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಸಮ್ಮುಖದಲ್ಲಿ ಗಾಳೆಮ್ಮನ ಬಂಧನವಾಯಿತು. ಮೌನೇಶನ ಮೇಲೂ ಬೇರೆ ಎಫ್‌ಐಆರ್ ದಾಖಲಾಯಿತು. ಅದನ್ನು ಕೇಳಿ ಆಕೆ ಸಮಾಧಾನದಿಂದ ಜೀಪು ಹತ್ತಿದಳು. ಅಷ್ಟರೊಳಗೆ ಮಗಳ ರೋಗದ ಸುದ್ದಿ ಓಣಿಯ ನಲ್ಲಿಯವರೆಗೆ ಮುಟ್ಟಿತ್ತು.

ಮರುದಿನ ಶನಿವಾರ, ಮೂರು ತಿಂಗಳ ಗುಳಿಗೆ ಕಟ್ಟಿಸಿಕೊಂಡು ಕೋಮಲಾ ಕೊಟ್ಟೂರು ಬಿಟ್ಟುಹೋದಳು.