ಸ್ಕೂಲ್ ಗೇಟಿನ ಮುಂದೆ ಮೇಕೆ

"ನಾನು ಸಿಂಹ ಆಗಲ್ಲ, ಮಿಸ್!"

ಟಾಟು ಉಣ್ಣೆಯ ಬಾಲವನ್ನು ಟೀಚರ್ ಮೇಜಿನ ಮೇಲೆ ಇಟ್ಟೇಬಿಟ್ಟಳು.

"ಯಾಕಮ್ಮ? ಶುಕ್ರವಾರ ಎಲ್ಲರೂ ಅವರವರ ದೇಶದ್ದು ತೋರಿಸ್ತಾರೆ. ನಿಮ್ಮದು ಆಫ್ರಿಕಾ ಅಲ್ವಾ?" ಎಂದರು ಮಿಸ್ ಪಾರ್ಫಿಟ್.

"ನಾನು ಹುಟ್ಟಿದ್ದು ಇಲ್ಲೇ, ಲಂಡನ್ನಲ್ಲಿ. ನಮ್ಮ ಬೀಬಿ, ಅಂದ್ರೆ ಅಜ್ಜಿ, ಜಾಂಜಿಬಾರಿನವರು. ಅದು ದ್ವೀಪ ಮಿಸ್. ಸಿಂಹ ಅಲ್ಲಿಗೆ ಹೇಗೆ ಬರತ್ತೆ, ಈಜ್ಕೊಂಡಾ?"

ಹಿಂದೆ ಕೂತವರು ಕಿಸಕ್ಕೆಂದರು.

"ಹಾಗಾದ್ರೆ ನೀನು ಏನು ತರ್ತೀಯ?"

"ಮೇಕೆ."

ಮಿಸ್ ಹೌಹಾರಿದರು. "ಪ್ರಾಣಿ ತರೋ ಹಾಗಿಲ್ಲ!"

"ಪ್ರಾಣಿ ಅಲ್ಲ ಮಿಸ್. ತೆಂಗಿನಕಾಯಿ ತುರಿಯೋ ಮಣೆ. ಸ್ವಾಹಿಲಿಯಲ್ಲಿ ಅದಕ್ಕೂ ಮೇಕೆಗೂ ಒಂದೇ ಹೆಸರು, ಮ್ಬುಜಿ."

"ಮೇ... ಮೇ..." ಹಿಂದಿನ ಬೆಂಚಿನ ಹುಡುಗ ಡೀನ್ ಶುರುಮಾಡಿದ. ಬೆಲ್ ಹೊಡೆಯುವವರೆಗೂ ಕ್ಲಾಸೆಲ್ಲ ಮೇಕೆಯ ಕೊಟ್ಟಿಗೆಯಾಗಿತ್ತು.

ಮನೆಯಲ್ಲಿ ಅಮ್ಮ ಕೆಲಸದ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. "ಅರ್ಧ ಗಂಟೆ ಬಾಲ ಕಟ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ? ನಮ್ಮ ಅಡುಗೆಮನೆ ಸಾಮಾನು ನೋಡಿ ನಗ್ತಾರೆ."

"ನಗಲಿ ಬಿಡು," ಎಂದಳು ಬೀಬಿ. "ಅವರ ಬಾಯಿ, ಅವರ ಹಲ್ಲು."

ಜನ ಏನಂದುಕೊಳ್ಳುತ್ತಾರೋ ಅನ್ನೋದೇ ಅಮ್ಮನ ಭಯ. ಅವಳು ಯಾವಾಗಲೂ ಹಾಗೇ. ಬಸ್ಸಿನಲ್ಲಿ ಬೀಬಿ ಸ್ವಾಹಿಲಿಯಲ್ಲಿ ಬಾಯಿ ತೆಗೆದರೆ ಸಾಕು, "ಮೆಲ್ಲಗೆ ಅಮ್ಮ, ಮೆಲ್ಲಗೆ" ಎಂದು ಅತ್ತಿತ್ತ ನೋಡುವಳು.

ಶುಕ್ರವಾರ ಪಾಠ ಮುಗಿದ ಮೇಲೆ ಕಾರ್ಯಕ್ರಮ. ಬೀಬಿ ಕೆಂಪು ಕಾಂಗಾ ಬಟ್ಟೆ ಹೊದ್ದು, ಒಂದು ಕೈಯಲ್ಲಿ ತುರಿಮಣೆ, ಇನ್ನೊಂದರಲ್ಲಿ ತೆಂಗಿನಕಾಯಿ, ಬಟ್ಟಲು, ಸಕ್ಕರೆ ಡಬ್ಬಿ ತುಂಬಿದ ಚೀಲ ಹಿಡಿದು ಬಂದಳು. ಟಾಟು ಗೇಟಿಗೆ ಓಡಿದಳು. ಹೆಡ್‌ಮಾಸ್ಟರು ಅಲ್ಲೇ ನಿಂತಿದ್ದರು.

"ಅಬ್ಬಾ, ಎಂಥಾ ಹರಿತ! ಕ್ಷಮಿಸಿ, ಇದನ್ನ ಒಳಗೆ ಬಿಡೋಕಾಗಲ್ಲ. ಮಕ್ಕಳಿಗೆ ಗಾಯ ಆದ್ರೆ?"

ಅಷ್ಟರಲ್ಲಿ ಮಿಸ್ ಪಾರ್ಫಿಟ್ ಬಂದರು. ಕೈಯಲ್ಲಿ ಅದೇ ಬಾಲ. "ಇನ್ನೂ ಟೈಮ್ ಇದೆ ಟಾಟು..."

ಟಾಟು "ಬೇಡ ಮಿಸ್" ಎಂದಳು.

ಬೀಬಿ ಮೊಮ್ಮಗಳ ಕಡೆ ಬಾಗಿದಳು. "ಈ ಗೇಟು ಅವರದ್ದು. ಹೊರಗಿನ ಫುಟ್‌ಪಾತು ಯಾರದ್ದು?"

"ಎಲ್ಲರದ್ದೂ."

"ಮತ್ತೆ ಯಾಕೆ ನಿಂತಿದೀಯ?"

ಗೇಟಿನ ಹೊರಗೆ, ಗೋಡೆಯ ಪಕ್ಕಕ್ಕೆ ತುರಿಮಣೆ ಬಂತು. ಬೀಬಿ ಅದರ ಮೇಲೆ ಕೂತಳು. ಕರ್ರ್ ಕರ್ರ್ ಎಂದು ಬಟ್ಟಲಿಗೆ ಬೆಳ್ಳಗೆ ಕಾಯಿತುರಿ ಉದುರತೊಡಗಿತು. ಟಾಟು ಸೊಂಟದ ಮೇಲೆ ಕೈಯಿಟ್ಟು ಸ್ವಾಹಿಲಿಯಲ್ಲಿ ಕೂಗಿದಳು:

"ಕರಿಬೂನಿ! ಬನ್ನಿ, ಎಲ್ಲರೂ ಬನ್ನಿ!"

ಕಾರ್ಯಕ್ರಮಕ್ಕೆ ಬರುತ್ತಿದ್ದವರು ನಿಂತು ನೋಡಿದರು. ಒಬ್ಬಿಬ್ಬರು ನಕ್ಕರು. ಟಾಟು ಇನ್ನೂ ಜೋರಾಗಿ ಕೂಗಿದಳು. ಕೊನೆಗೆ ಡೀನ್ ಶೂ ಲೇಸ್ ಕಟ್ಟಿಕೊಳ್ಳುವ ನೆಪ ಮಾಡಿ ಹತ್ತಿರ ಬಂದ.

"ತಿನ್ನಬಹುದಾ?"

ಟಾಟು ತುರಿಗೆ ಸಕ್ಕರೆ ಬೆರೆಸಿ ಅವನ ಅಂಗೈಗೆ ಹಾಕಿದಳು. ಅವನು ಬಾಯಿಗೆ ಹಾಕಿಕೊಂಡು ಮತ್ತೆ ಕೈ ಚಾಚಿದ. ಅವನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಹೆಡ್‌ಮಾಸ್ಟರು ಗೇಟಿನಾಚೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಆಗ ಅಮ್ಮ ಬಂದಳು. ಕೆಲಸದಿಂದ ನೇರವಾಗಿ, ಯೂನಿಫಾರ್ಮಿನಲ್ಲೇ. ಜನರನ್ನು, ಗೇಟನ್ನು, ನೆಲದಲ್ಲಿ ಕೂತ ತಾಯಿಯನ್ನು ನೋಡಿ ಅವಳ ಮುಖ ಕೆಂಪಾಯಿತು. ಇನ್ನೇನು ಬೈಯುತ್ತಾಳೆ ಎಂದುಕೊಂಡಳು ಟಾಟು.

ಅಮ್ಮ ತನ್ನ ಬ್ಯಾಗನ್ನು ಟಾಟುವಿನ ಕೈಗೆ ತುರುಕಿದಳು.

"ಏಳಮ್ಮ ಮೇಲೆ! ಭುಜ ನೋವು ಅಂತ ರಾತ್ರಿಯೆಲ್ಲ ನರಳ್ತೀಯ, ಇಲ್ಲಿ ಬಂದು ತುರೀತಾ ಕೂತಿದೀಯ!"

ಸ್ವಾಹಿಲಿಯಲ್ಲಿ. ಇಡೀ ಬೀದಿಗೆ ಕೇಳುವ ಹಾಗೆ.

ಬೀಬಿ ನಗುತ್ತ ಎದ್ದಳು. ಅಮ್ಮ ಮಣೆಯ ಮೇಲೆ ಕೂತು ಯೂನಿಫಾರ್ಮಿನ ತೋಳು ಮಡಚಿ ತುರಿಯತೊಡಗಿದಳು. ಕಾಯಿಹೋಳು ಅವಳ ಕೈಯಲ್ಲಿ ಬುಗುರಿಯಂತೆ ತಿರುಗಿತು. ಬೀಬಿಗಿಂತ ಬೇಗ! ಟಾಟು ಕಣ್ಣರಳಿಸಿದಳು.

"ನಿನ್ನ ವಯಸ್ಸಲ್ಲಿ ಈ ದೇಶಕ್ಕೆ ಬಂದಾಗ ಸ್ಕೂಲಲ್ಲಿ ನಂಗೂ ಬಾಲ-ಗೀಲ ಏನೇನೋ ಕಟ್ಟಿ ಕುಣಿಸಿದ್ರು," ಅಮ್ಮ ತಲೆಯೆತ್ತದೆ ಹೇಳಿದಳು. "ನಾನು ಹೂಂ ಅಂದ್ಬಿಟ್ಟೆ ಕಣೇ."

ಟಾಟು ಅಮ್ಮನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.